ತೊರವೆಯಿಂದ ಹೊರಡಿ, ಗೋಳಗುಮ್ಮಟವನ್ನು ಕೊನೆಗೆ ನೋಡಿ

ಪ್ರಶ್ನೆ: ಮುಂದಿನ ತಿಂಗಳು ಮನೆಯವರೆಲ್ಲ ಸೇರಿ ಎರಡು ದಿನ ವಿಜಯಪುರದಲ್ಲಿ ಇರುತ್ತೇವೆ. ಶಾಲೆಯ ಪ್ರವಾಸದಲ್ಲಿ ಬಂದು ಗೋಳಗುಮ್ಮಟ ನೋಡಿದ್ದು, ಒಳಗೆ ನಿಂತು ಕೂಗಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಈ ಸಲ ಊರನ್ನು ಸರಿಯಾಗಿ ನೋಡುವ ಆಸೆ. ಪಕ್ಕದಲ್ಲಿ ದೊಡ್ಡ ನದಿಯೇ ಇಲ್ಲದ ಬಯಲಿನಲ್ಲಿ ಅಂಥ ರಾಜಧಾನಿ ಹೇಗೆ ಬೆಳೆಯಿತು? ಯಾವುದನ್ನು ಮೊದಲು ನೋಡಬೇಕು? ಇಬ್ರಾಹಿಂ ರೋಜಾವನ್ನು ನೋಡಿಯೇ ತಾಜ್‌ಮಹಲ್ ಕಟ್ಟಿದರು ಎಂಬ ಮಾತು ನಿಜವೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಮೊದಲನೆಯ ಪ್ರಶ್ನೆಯಲ್ಲೇ ಅಡಗಿದೆ. ವಿಜಯಪುರವನ್ನು ಅರ್ಥಮಾಡಿಕೊಳ್ಳಬೇಕಾದರೆ ನೀರು ಬಂದ ದಾರಿಯಲ್ಲೇ ಊರೊಳಗೆ ಬರಬೇಕು. ಆದಿಲ್‌ಶಾಹಿಗಳ ಕಾಲದಲ್ಲಿ ನೀರು ಪಶ್ಚಿಮದ ತೊರವೆಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ಹರಿದು ಕೋಟೆಯೊಳಗೆ ಬರುತ್ತಿತ್ತು. ಗೋಳಗುಮ್ಮಟ ಇರುವುದು ಊರಿನ ಪೂರ್ವದ ಅಂಚಿನಲ್ಲಿ. ಬಹುಪಾಲು ಪ್ರವಾಸಿಗರು ಅಲ್ಲಿಗೆ ಮೊದಲು ಹೋಗಿ, ಅದರ ಗಾತ್ರಕ್ಕೆ ಬೆರಗಾಗಿ, ಉಳಿದದ್ದನ್ನು ಅವಸರದಲ್ಲಿ ಮುಗಿಸುತ್ತಾರೆ. ನೀವು ತಿರುವುಮುರುವು ಮಾಡಿ. ತೊರವೆಯಿಂದ ಹೊರಟು ಪೂರ್ವಕ್ಕೆ ಬನ್ನಿ, ಗೋಳಗುಮ್ಮಟ ಕೊನೆಗೆ ಇರಲಿ.

ಮೊದಲು ನೆಲದ ವಿಷಯ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ಎರಡೂ ಊರಿನಿಂದ ದೂರ. ಹತ್ತಿರ ಹರಿಯುವುದು ಡೋಣಿ. ಅದರ ನೀರಿಗೆ ಉಪ್ಪಿನಂಶ ಹೆಚ್ಚು, ಆದರೆ ದಡದ ಎರೆಮಣ್ಣು ಬಂಗಾರದಂಥದ್ದು. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಸೈನ್ಯಕ್ಕೆ ಕಾಳು, ಕುದುರೆ ಎತ್ತುಗಳಿಗೆ ಕಣಿಕೆ, ಎರಡನ್ನೂ ಈ ಬಯಲು ಧಾರಾಳವಾಗಿ ಕೊಟ್ಟಿತು. ಜೊತೆಗೆ ಕೊಂಕಣದ ಬಂದರುಗಳಲ್ಲಿ ಇಳಿಯುತ್ತಿದ್ದ ಅರಬ್ಬಿ ಕುದುರೆಗಳು ಘಟ್ಟ ಹತ್ತಿ ಒಳನಾಡಿಗೆ ಬರುವ ದಾರಿಗೂ ಈ ಊರು ಅನುಕೂಲವಾಗಿತ್ತು. ಅನ್ನ, ಹಣ, ಕುದುರೆ ಮೂರೂ ಕೈಗೆ ಸಿಗುತ್ತಿದ್ದವು. ಕೊರತೆಯಿದ್ದದ್ದು ಕುಡಿಯುವ ನೀರಿಗೆ ಮಾತ್ರ.

ಊರು ಆದಿಲ್‌ಶಾಹಿಗಳಿಗಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯರು, ದೇವಗಿರಿಯ ಯಾದವರು, ದೆಹಲಿಯ ಸುಲ್ತಾನರು, ಬಹಮನಿಗಳು ಒಬ್ಬರಾದ ಮೇಲೊಬ್ಬರು ಇಲ್ಲಿ ಆಳಿದರು. ಬಹಮನಿ ರಾಜ್ಯ ಒಡೆದಾಗ, 1490ರಲ್ಲಿ, ಇಲ್ಲಿನ ಅಧಿಕಾರಿಯಾಗಿದ್ದ ಯೂಸುಫ್ ಆದಿಲ್ ಖಾನ್ ಸ್ವತಂತ್ರನಾದ. ಗೋವೆಯೂ ಅವನ ಕೈಯಲ್ಲೇ ಇತ್ತು. 1510ರಲ್ಲಿ ಅದನ್ನು ಪೋರ್ಚುಗೀಸರು ಕಿತ್ತುಕೊಂಡರು. ಮೊದಲ ಎರಡು ಮೂರು ದೊರೆಗಳ ಕಾಲ ಹೆಚ್ಚಾಗಿ ಕಾದಾಟದಲ್ಲೇ ಕಳೆಯಿತು. ನಿಜವಾದ ಊರು ಕಟ್ಟಿದವನು ಒಂದನೇ ಅಲಿ ಆದಿಲ್‌ಶಾಹ. ಅವನು 1558ರಿಂದ 1580ರವರೆಗೆ ಆಳಿದ. ಗಗನಮಹಲ್ ಅವನದು. ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಅವನದು. ಜಾಮಿಯಾ ಮಸೀದಿ ಅವನದು. ತೊರವೆಯ ನೀರನ್ನು ಊರಿಗೆ ತರುವ ಕೆಲಸಕ್ಕೆ ಕೈಹಾಕಿದವನೂ ಅವನೇ. ಇವುಗಳಲ್ಲಿ ಹೆಚ್ಚಿನವು 1565ರ ತಾಳಿಕೋಟೆ ಯುದ್ಧದ ಆಚೀಚೆಗೆ ಎದ್ದವು. ಹಂಪಿ ಹಾಳಾದ ಕಾಲ ಮತ್ತು ವಿಜಯಪುರ ಬೆಳೆದ ಕಾಲ ಒಂದೇ ಎಂಬುದನ್ನು ಮರೆಯದೆ ಈ ಊರನ್ನು ನೋಡಬೇಕು. ಅದು ಕನ್ನಡ ನಾಡಿನ ಚರಿತ್ರೆಯ ಕಹಿಸತ್ಯ. ಅಲ್ಲಿಂದ ಬಂದ ಸಂಪತ್ತು ಇಲ್ಲಿ ಕಲ್ಲು ಗಾರೆಯಾಗಿ ನಿಂತಿದೆ.

ಈಗ ತೊರವೆಗೆ ಬನ್ನಿ. ಕನ್ನಡ ಓದುವವರಿಗೆ ಈ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಇಲ್ಲಿನ ನರಸಿಂಹನನ್ನು ಅಂಕಿತದಲ್ಲಿಟ್ಟು ಕುಮಾರವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದ. ಅದೇ ತೊರವೆ ರಾಮಾಯಣ. ಮೊದಲು ಆ ಗುಡಿಗೆ ಹೋಗಿ, ಆಮೇಲೆ ಸುರಂಗಬಾವಡಿಯನ್ನು ಹುಡುಕಿ. ಎತ್ತರದ ನೆಲದಲ್ಲಿ ಅಂತರ್ಜಲ ಸಿಗುವ ಮಟ್ಟದಿಂದ ಊರಿನ ಕಡೆಗೆ ಅತಿ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದಿದ್ದಾರೆ. ಬದಿಯಿಂದ ಜಿನುಗುವ ನೀರು ಅದರೊಳಗೆ ಕೂಡಿಕೊಂಡು ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಏತ ಬೇಡ, ಎತ್ತು ಬೇಡ. ಅಲ್ಲಲ್ಲಿ ನೆಲದ ಮೇಲಕ್ಕೆ ಬಾವಿಯಂಥ ಬಾಯಿಗಳಿವೆ. ಅಗೆಯುವಾಗ ಮಣ್ಣು ಮೇಲೆತ್ತಲು, ಒಳಗೆ ಗಾಳಿಯಾಡಲು, ಹೂಳು ತೆಗೆಯುವವರು ಇಳಿಯಲು ಅವು ಬೇಕಿದ್ದವು. ಇರಾನಿನಲ್ಲಿ ಬಹುಕಾಲದಿಂದ ನಡೆದುಬಂದ ಈ ವಿದ್ಯೆಯನ್ನು ದಖ್ಖನಿನ ಗಟ್ಟಿ ಕರಿಕಲ್ಲಿನ ನೆಲಕ್ಕೆ ಹೊಂದಿಸಿದ್ದು ಸಣ್ಣ ಸಾಧನೆಯಲ್ಲ. ಸೂರ್ಯನ ಬಿಸಿಲಿಗೆ ಸಿಗದ ಕಾರಣ ಬೇಸಿಗೆಯಲ್ಲೂ ನೀರು ಆವಿಯಾಗುತ್ತಿರಲಿಲ್ಲ. ಮುತ್ತಿಗೆ ಹಾಕಿದ ಶತ್ರುವಿನ ಕಣ್ಣಿಗೂ ಸುಲಭಕ್ಕೆ ಬೀಳುತ್ತಿರಲಿಲ್ಲ. ದಖ್ಖನಿನ ಈ ಹಳೆಯ ನೀರಿನ ವ್ಯವಸ್ಥೆ ವಿಶ್ವ ಸ್ಮಾರಕ ನಿಧಿಯ 2020ರ ಕಾಳಜಿಯ ಪಟ್ಟಿಗೆ ಸೇರಿತು. ನನ್ನ ಮಟ್ಟಿಗೆ ವಿಜಯಪುರದ ಅತಿ ದೊಡ್ಡ ಸ್ಮಾರಕ ಇದೇ.

ಅದೇ ದಿಕ್ಕಿನಲ್ಲಿ ನವರಸಪುರದ ಅವಶೇಷಗಳಿವೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಅಲ್ಲಿ ಹೊಸ ನಗರವೊಂದನ್ನು ಕಟ್ಟತೊಡಗಿದ. ಸಂಗೀತದ ಹುಚ್ಚಿದ್ದ ದೊರೆ. ದಖ್ಖನಿ ಭಾಷೆಯಲ್ಲಿ ಅವನು ಬರೆದ ಹಾಡುಗಳ ಸಂಗ್ರಹ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ. ತನ್ನ ತಂಬೂರಿಗೆ ಮೋತಿಖಾನ್, ಮೆಚ್ಚಿನ ಆನೆಗೆ ಆತಿಶ್‌ಖಾನ್ ಎಂದು ಹೆಸರಿಟ್ಟು ಅವುಗಳ ಮೇಲೂ ಹಾಡು ಕಟ್ಟಿದ. ಜನ ಅವನನ್ನು ಜಗದ್ಗುರು ಎಂದು ಕರೆದರು. ಪಟ್ಟಕ್ಕೆ ಬಂದಾಗ ಅವನಿನ್ನೂ ಬಾಲಕ. ಆಗ ರಾಜ್ಯ ನೋಡಿಕೊಂಡವಳು ಚಾಂದಬೀಬಿ. ಮುಂದೆ ಅಹ್ಮದ್‌ನಗರದ ಕೋಟೆಯಲ್ಲಿ ನಿಂತು ಮೊಗಲರನ್ನು ತಡೆದವಳು ಅವಳೇ. ನವರಸಪುರ ಮಾತ್ರ ಬಾಳಲಿಲ್ಲ. 1624ರಲ್ಲಿ ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರ್ ಅದನ್ನು ಸೂರೆಮಾಡಿದ. ಸಂಗೀತಮಹಲಿನ ಎತ್ತರದ ಕಮಾನುಗಳು ಉಳಿದಿವೆ. ಇದೇ ಕಡೆ ಸಾಠ್ ಕಬರ್ ಎಂಬ ಒಂದೇ ತೆರನ ಗೋರಿಗಳ ಸಾಲುಗಳೂ ಇವೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫಜಲ್‌ಖಾನ್, ತಾನು ಹಿಂದಿರುಗುವುದಿಲ್ಲವೆಂದು ಜೋಯಿಸರು ಹೇಳಿದ್ದಕ್ಕೆ ತನ್ನ ಹೆಂಡತಿಯರನ್ನು ಬಾವಿಗೆ ದೂಡಿ ಕೊಂದ ಎಂಬ ಕಥೆ ಅದಕ್ಕೆ ಅಂಟಿಕೊಂಡಿದೆ. ಅದನ್ನು ಚರಿತ್ರೆ ಎಂದು ಮಕ್ಕಳಿಗೆ ಹೇಳಬೇಡಿ, ಐತಿಹ್ಯ ಎಂದೇ ಹೇಳಿ.

ಪೂರ್ವಕ್ಕೆ ಹೊರಳಿದರೆ ಕೋಟೆಗೋಡೆಯ ಹೊರಗೆ ಇಬ್ರಾಹಿಂ ರೋಜಾ. ಇಲ್ಲಿ ಕನಿಷ್ಠ ಎರಡು ಗಂಟೆ ಇರಿ. ಒಂದೇ ಎತ್ತರದ ಜಗಲಿಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ, ನಡುವೆ ನೀರಿನ ತೊಟ್ಟಿ. ಮೊದಲಿಗೆ ರಾಣಿ ತಾಜ್ ಸುಲ್ತಾನಾಳಿಗಾಗಿ ಶುರುವಾದದ್ದು. 1627ರಲ್ಲಿ ಇಬ್ರಾಹಿಂ ತೀರಿಕೊಂಡಾಗ ಅವನೂ ಇಲ್ಲಿಯೇ ಮಣ್ಣಾದ. ಕೆಲಸದ ಮೇಲುಸ್ತುವಾರಿ ಮಲಿಕ್ ಸಂದಲ್‌ನದು. ಗೋರಿಯ ಹೊರಗೋಡೆಯ ಕಿಟಕಿಗಳ ಬಳಿ ನಿಂತು ನೋಡಿ. ಜಾಲಂಧ್ರದ ಕಿಂಡಿಗಳೆಂದು ತೋರುವುದು ಅರಬ್ಬಿ ಅಕ್ಷರಗಳು. ಅಕ್ಷರವನ್ನು ಉಳಿಸಿ ಸುತ್ತಲಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ, ಬೆಳಕು ಆ ಬರಹದ ಸಂದಿನಿಂದಲೇ ಒಳಗೆ ಇಳಿಯುತ್ತದೆ. ಸೂರಿನ ಅಂಚಿನಲ್ಲಿ ಒಂದೇ ಕಲ್ಲಿನಿಂದ ಬಿಡಿಸಿದ ಸರಪಳಿಯ ತುಣುಕುಗಳು ಇನ್ನೂ ಇವೆ. ಬೇಲೂರಿನಲ್ಲಿ ಕಲ್ಲಿನ ಬಳೆ ಕಂಡವರಿಗೆ ಈ ಕೈಚಳಕದ ಬೇರು ಎಲ್ಲಿಯದೆಂದು ಹೇಳಬೇಕಾಗಿಲ್ಲ. ಒಳಗಿನ ಗೋರಿಯ ಕೋಣೆಯ ಮಾಳಿಗೆಯನ್ನು ಮಾತ್ರ ಕಟ್ಟಡ ಕಟ್ಟುವವರು ಹೋಗಿ ನೋಡಲೇಬೇಕು. ಸುಮಾರು 40 ಅಡಿ ಚೌಕದ ಕೋಣೆ, ಅಂಚಿನಲ್ಲಿ ಸ್ವಲ್ಪ ಬಾಗಿ ಒಳಬಂದು ಆಮೇಲೆ ಪೂರ್ತಿ ಚಪ್ಪಟೆಯಾಗುವ ಕಲ್ಲಿನ ಮಾಳಿಗೆ. ನಡುವೆ ತೊಲೆಯಿಲ್ಲ, ಕಂಬವಿಲ್ಲ. ಕಲ್ಲುಗಳನ್ನು ಹಿಡಿದಿರುವುದು ಗಾರೆಯ ಗಟ್ಟಿತನ. ನಾಲ್ಕು ಶತಮಾನ ಕಳೆದರೂ ಅದು ಕುಸಿದಿಲ್ಲ.

ತಾಜ್‌ಮಹಲಿನ ಪ್ರಶ್ನೆ ಇಲ್ಲಿಯೇ ತೀರಿಸುತ್ತೇನೆ. ರೋಜಾ ಮುಗಿದ ಮೇಲೆ, 1632ರ ಸುಮಾರಿಗೆ ತಾಜ್‌ಮಹಲಿನ ಕೆಲಸ ಶುರುವಾಯಿತು ಎಂಬುದು ನಿಜ. ನಾಲ್ಕು ಮೂಲೆಗೆ ಮಿನಾರು, ನಡುವೆ ಗುಮ್ಮಟ, ಪಕ್ಕದಲ್ಲಿ ಮಸೀದಿ ಎಂಬ ಹೊಂದಿಕೆ ಎರಡರಲ್ಲೂ ಇದೆ. ಅಷ್ಟರಿಂದಲೇ ಒಂದನ್ನು ನೋಡಿ ಇನ್ನೊಂದನ್ನು ಕಟ್ಟಿದರು ಎನ್ನಲಾಗದು. ಮೊಗಲರ ಮುಂದೆ ದೆಹಲಿಯ ಹುಮಾಯೂನನ ಗೋರಿಯೂ ಇತ್ತು. ನನಗೆ ಈ ಹೋಲಿಕೆಯೇ ಬೇಸರ ತರಿಸುತ್ತದೆ. ರೋಜಾದ ಸೊಗಸು ಕರಿಗಲ್ಲಿನ ಸೂಕ್ಷ್ಮ ಕೆತ್ತನೆಯದು. ಅದಕ್ಕೆ ಆಗ್ರಾದ ಸಾಕ್ಷಿ ಬೇಕಾಗಿಲ್ಲ.

ಮಕ್ಕಾ ದರವಾಜೆಯಿಂದ ಕೋಟೆಯೊಳಗೆ ಬಂದರೆ ತಾಜ್‌ಬಾವಡಿ. ಅದೇ ತಾಜ್ ಸುಲ್ತಾನಾಳ ಹೆಸರು, ಅದೇ ಮಲಿಕ್ ಸಂದಲ್‌ನ ಕೆಲಸ, ಕಾಲ 1620. ಸುಮಾರು 223 ಅಡಿ ಚೌಕದ ನೀರಿನ ಹರವು, 50 ಅಡಿಗೂ ಮಿಕ್ಕಿದ ಆಳ. ಎರಡು ಎಂಟುಮೂಲೆಯ ಗೋಪುರಗಳ ನಡುವೆ 35 ಅಡಿ ಅಗಲದ ಕಮಾನು, ಅದರಡಿಯಿಂದ ಮೆಟ್ಟಿಲು. ಸುತ್ತ ದಾರಿಹೋಕರು ತಂಗುವ ಕೋಣೆಗಳು. ದೂರದಿಂದ ದಣಿದು ಬಂದ ವ್ಯಾಪಾರಿಗೆ ಊರ ಬಾಗಿಲು ದಾಟಿದ ಕೂಡಲೇ ನೀರು, ನೆರಳು ಎರಡೂ ಸಿಗುತ್ತಿದ್ದವು. ಬಹುಕಾಲ ಇದು ಕಸದ ಗುಂಡಿಯಾಗಿತ್ತು. ಕೆಲವು ವರ್ಷಗಳ ಹಿಂದೆ ಊರಿನ ಹಲವು ಹಳೆಯ ಬಾವಡಿಗಳ ಹೂಳನ್ನು ತೆಗೆಸಿದಾಗ ಇದಕ್ಕೂ ಜೀವ ಬಂತು. ಒಂದನೇ ಅಲಿಯ ಕಾಲದ ಚಾಂದಬಾವಡಿ ಇದಕ್ಕೆ ಮಾದರಿ ಎನ್ನುತ್ತಾರೆ.

ಕೋಟೆಗೋಡೆಯ ಪಶ್ಚಿಮದ ಬುರುಜೊಂದರ ಮೇಲೆ ಮಲಿಕ್-ಎ-ಮೈದಾನ್ ತೋಪು ಕುಳಿತಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ 55 ಟನ್ ಎಂದು ಅಂದಾಜು. ಬಾಯಿ ತೆರೆದ ಸಿಂಹದ ತಲೆ, ಅದರ ಹಲ್ಲುಗಳ ನಡುವೆ ನಲುಗುವ ಪುಟ್ಟ ಆನೆ. ಪರಂಡಾ ಕೋಟೆಯಿಂದ 1632ರಲ್ಲಿ ಇಲ್ಲಿಗೆ ತಂದರು. ನಾನೂರು ಎತ್ತು, ಹತ್ತು ಆನೆ ಎಳೆದವು ಎಂದು ಹೇಳಿಕೆ. ಬ್ರಿಟಿಷ್ ಆಡಳಿತಕ್ಕೆ 1854ರಲ್ಲಿ ಇದು ಉಪಯೋಗಕ್ಕೆ ಬಾರದ ಹಳೆ ಲೋಹವಾಗಿ ಕಂಡಿತು, ಹರಾಜಿಗಿಟ್ಟರು. ಹೆಚ್ಚೆಂದರೆ 150 ರೂಪಾಯಿಗೆ ಕೂಗು ಬಂತು. ಜನ ಈ ತೋಪನ್ನು ಭಕ್ತಿಯಿಂದ ಕಾಣುತ್ತಾರೆಂದು ತಿಳಿದ ಮೇಲೆ ಮಾರಾಟ ರದ್ದಾಯಿತು. ಜನರ ಅಭಿಮಾನ ಒಂದು ಸ್ಮಾರಕವನ್ನು ನೇರವಾಗಿ ಉಳಿಸಿದ ಉದಾಹರಣೆ ಇದು. ಸ್ವಲ್ಪ ಒಳಗೆ 1584ರ ಉಪ್ಪಲಿ ಬುರುಜು, ಸುಮಾರು 80 ಅಡಿ ಎತ್ತರ, ಹೊರಗಿನಿಂದಲೇ ಸುತ್ತಿ ಹತ್ತುವ ಮೆಟ್ಟಿಲು. ಮೇಲೆ ನಿಂತರೆ ಇಡೀ ಊರಿನ ನಕ್ಷೆ ಕಣ್ಣಿಗೆ ಬೀಳುತ್ತದೆ. ಮಕ್ಕಳಿಗೆ ಇಲ್ಲಿಂದ ದಿಕ್ಕು ತೋರಿಸಿ.

ಆಮೇಲೆ ನಡುವಿನ ಒಳಕೋಟೆ, ಅರಕಿಲ್ಲೆ. ಇಲ್ಲಿ ಎಲ್ಲರೂ ಗಗನಮಹಲಿನ 60 ಅಡಿ ಅಗಲದ ಕಮಾನಿನ ಮುಂದೆ ಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಕರೀಮುದ್ದೀನನ ಮಸೀದಿಯನ್ನು ಕೇಳಿಕೊಂಡು ಹೋಗಿ. ದೆಹಲಿಯ ಸುಲ್ತಾನರ ಅಧಿಕಾರಿಯಾಗಿದ್ದ ಕರೀಮುದ್ದೀನ್ ಇದನ್ನು 1320ರಲ್ಲಿ ಕಟ್ಟಿಸಿದ. ಒಳಗೆ ಕಾಲಿಟ್ಟರೆ ಗುಡಿಯ ಮಂಟಪಕ್ಕೆ ಬಂದಂತೆ ಇರುತ್ತದೆ, ಏಕೆಂದರೆ ಕಂಬಗಳೆಲ್ಲ ಹಳೆಯ ಗುಡಿಗಳವು. ಕೆಲಸ ಮಾಡಿದವನು ಸಾಲೋಟಗಿಯ ರೇವಯ್ಯ ಎಂದು ಶಾಸನ ಹೇಳುತ್ತದೆ. ಇಂಡಿಯ ಹತ್ತಿರದ ಈ ಸಾಲೋಟಗಿ ರಾಷ್ಟ್ರಕೂಟರ ಕಾಲದಲ್ಲೇ ವಿದ್ಯಾಕೇಂದ್ರವಾಗಿ ಹೆಸರಾಗಿತ್ತು. ಗುಡಿ ಕಟ್ಟುವುದನ್ನು ಬಲ್ಲ ಊರಿನ ಕೈಯೇ ವಿಜಯಪುರದ ಮೊದಲ ಮಸೀದಿಗಳಲ್ಲೊಂದನ್ನು ಎತ್ತಿ ನಿಲ್ಲಿಸಿತು. ಮುಂದೆ ಬಂದ ಎಷ್ಟೋ ಕಟ್ಟಡಗಳಲ್ಲಿ ಕಮಾನು ಪರದೇಶದ್ದು, ಅದರ ಕೆಳಗಿನ ಕಲ್ಲಿನ ಸೂರು, ಬೋದಿಗೆ, ಸರಪಳಿ ಈ ನೆಲದ್ದು. ಆ ಬೆಸುಗೆ ಎಲ್ಲಿಂದ ಆರಂಭವಾಯಿತೆಂದು ಈ ಚಿಕ್ಕ ಮಸೀದಿಯಲ್ಲಿ ಕಣ್ಣಾರೆ ಕಾಣಬಹುದು.

ಹತ್ತಿರದಲ್ಲೇ ಬಾರಾಕಮಾನ್, ಎರಡನೇ ಅಲಿಯ ಮುಗಿಯದ ಗೋರಿ. 1672ರಲ್ಲಿ ಅವನು ಸತ್ತಾಗ ಕಮಾನುಗಳ ಮೇಲಕ್ಕೆ ಕೆಲಸ ಹೋಗಿರಲಿಲ್ಲ. ಒಳಕೋಟೆಯ ಪೂರ್ವಕ್ಕೆ ಆಸಾರ್ ಮಹಲ್. 1646ರಲ್ಲಿ ನ್ಯಾಯಸ್ಥಾನವಾಗಿ ಕಟ್ಟಿದ್ದು, ಆಮೇಲೆ ಪ್ರವಾದಿಯ ಪವಿತ್ರ ಕೇಶವನ್ನಿಡುವ ಸ್ಥಳವಾಯಿತು. ಮುಂಭಾಗದ ಮಾಳಿಗೆಯನ್ನು ಎತ್ತಿ ಹಿಡಿದಿರುವುದು ಭಾರಿ ತೇಗದ ಕಂಬಗಳು. ಅದರ ಮುಂದಿನ ಕೊಳಕ್ಕೆ ನೀರು ಬರುತ್ತಿದ್ದುದು ಊರಿನ ದಕ್ಷಿಣದ ಬೇಗಂ ತಾಲಾಬಿನಿಂದ.

ಆ ಕೆರೆಯ ಬಗ್ಗೆ ಎರಡು ಮಾತು. ಊರು ಬೆಳೆದು ತೊರವೆಯ ನೀರು ಸಾಲದೆ ಬಂದಾಗ ಮೊಹಮ್ಮದ್ ಆದಿಲ್‌ಶಾಹ 1651ರಲ್ಲಿ ಅದನ್ನು ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಕಲ್ಲುಗಾರೆಯಲ್ಲಿ ಹುದುಗಿಸಿ ನೀರು ತಂದರು. ಉದ್ದದ ಕೊಳವೆಯಲ್ಲಿ ನೀರಿನ ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಗಂಜ್ ಎಂಬ ಚೌಕಾಕಾರದ ನೀರಿನ ಗೋಪುರಗಳನ್ನು ಎಬ್ಬಿಸಿದರು. ನೀರು ಅದರೊಳಗೆ ಮೇಲೇರಿ, ಒತ್ತಡ ಇಳಿದು, ಹೂಳು ತಳದಲ್ಲಿ ಕೂತು, ತಿಳಿಯಾದ ನೀರು ಮುಂದೆ ಸಾಗುತ್ತಿತ್ತು. ಊರಿನ ರಸ್ತೆಗಳಲ್ಲಿ ಇಂಥ ಒಂಟಿ ಗೋಪುರಗಳು ಇನ್ನೂ ನಿಂತಿವೆ. ಜನ ಪಕ್ಕದಲ್ಲೇ ಹಾದುಹೋಗುತ್ತಾರೆ, ಇದು ಏನೆಂದು ಕೇಳುವವರಿಲ್ಲ. ನೀವು ನಿಂತು ನೋಡಿ.

ಮೆಹ್ತರ್ ಮಹಲಿನ ಬಾಗಿಲಲ್ಲಿ ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ತಲೆಯೆತ್ತಿಯೇ ಇರಿ. ಮುಂದೆ ಚಾಚಿದ ಕಿಟಕಿಯನ್ನು ಹೊತ್ತ ಕಲ್ಲಿನ ಚಾಚುಗಳನ್ನು ಮರಗೆಲಸದಷ್ಟೇ ನಯವಾಗಿ ಕೊರೆದಿದ್ದಾರೆ. ಜಾಮಿಯಾ ಮಸೀದಿಯಲ್ಲಿ ಅಲಂಕಾರ ಕಡಿಮೆ. ಸಾಲುಸಾಲು ಬಿಳಿ ಕಮಾನುಗಳ ಅಳತೆಯೇ ಅಲ್ಲಿನ ಸೌಂದರ್ಯ. ನೆಲದ ಮೇಲೆ ನಮಾಜಿಗಾಗಿ ಗುರುತಿಸಿದ 2,250 ಚೌಕಗಳು ಔರಂಗಜೇಬನ ಕಾಲದವು. ನಮಾಜಿನ ದಿಕ್ಕು ತೋರುವ ಗೋಡೆಗೂಡು ಮಿಹ್ರಾಬ್, ಅದರ ಬಂಗಾರದ ಬರಹ 1636ರದು.

ಇಷ್ಟೆಲ್ಲ ಆದ ಮೇಲೆ ಗೋಳಗುಮ್ಮಟಕ್ಕೆ ಬನ್ನಿ. 1627ರಲ್ಲಿ ಪಟ್ಟಕ್ಕೆ ಬಂದ ಮೊಹಮ್ಮದ್ ಆದಿಲ್‌ಶಾಹನಿಗೆ ತಂದೆಯ ರೋಜಾವನ್ನು ಕುಸುರಿಯಲ್ಲಿ ಮೀರುವುದು ಅಸಾಧ್ಯವೆಂದು ಗೊತ್ತಿತ್ತು ಎನಿಸುತ್ತದೆ. ಅವನು ಗಾತ್ರದ ದಾರಿ ಹಿಡಿದ. ಒಳಗಿನ ಹಜಾರ 135 ಅಡಿ ಚೌಕ, ನೆಲ 18,000 ಚದರ ಅಡಿಗೂ ಹೆಚ್ಚು, ನಡುವೆ ಒಂದು ಕಂಬವೂ ಇಲ್ಲ. ಗುಮ್ಮಟದ ಒಳ ಅಡ್ಡಳತೆ ಸುಮಾರು 124 ಅಡಿ. ಚೌಕದ ಗೋಡೆಯ ಮೇಲೆ ಉರುಟು ಗುಮ್ಮಟವನ್ನು ಕೂರಿಸುವುದು ಹೇಗೆ? ಇಲ್ಲೇ ಆ ಶಿಲ್ಪಿಗಳ ಬುದ್ಧಿ ಕಾಣುವುದು. ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿ ಇಟ್ಟರೆ ಎಂಟು ಮೂಲೆಯ ನಕ್ಷತ್ರವಾಗುತ್ತದಲ್ಲ, ಆ ಗೆರೆಗಳ ಮೇಲೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ ಏರುತ್ತವೆ. ಮೇಲೆ ಹೋದಂತೆ ಅವು ಒಳಕ್ಕೆ ಬಾಗಿ ಚೌಕವನ್ನು ವೃತ್ತವಾಗಿಸುತ್ತವೆ. ಗುಮ್ಮಟ ತನ್ನ ಭಾರದಿಂದ ಹೊರಕ್ಕೆ ನೂಕುತ್ತದೆ, ಒಳಕ್ಕೆ ಬಾಗಿದ ಈ ಕಮಾನುಗಳ ಭಾರ ಆ ನೂಕನ್ನು ತಡೆಯುತ್ತದೆ. ಹಜಾರದ ನಡುವೆ ನಿಂತು ಒಂದು ಮೂಲೆಯಿಂದ ಕಮಾನಿನ ಗೆರೆ ಹಿಡಿದು ಕಣ್ಣಿನಲ್ಲೇ ಮೇಲೇರಿ. ಮಾತಿನಲ್ಲಿ ತೊಡಕೆನಿಸುವುದು ಕಣ್ಣಿಗೆ ಥಟ್ಟನೆ ತಿಳಿಯುತ್ತದೆ.

ಗೋರಿಗಳೆಂದು ಜಗಲಿಯ ಮೇಲೆ ಕಾಣುವವು ಗುರುತಿಗೆ ಮಾತ್ರ. ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ. ದೊರೆಯ ಜೊತೆ ಅವನ ಪತ್ನಿಯರು, ಮಗಳು, ಮೊಮ್ಮಗ, ನರ್ತಕಿ ರಂಭಾ ಇಲ್ಲಿ ಮಲಗಿದ್ದಾರೆ. 1656ರಲ್ಲಿ ದೊರೆ ತೀರಿಕೊಂಡ. ಮೂಲೆಯ ಏಳು ಅಂತಸ್ತಿನ ಮಿನಾರಿನೊಳಗಿಂದ ಹತ್ತಿ ಪಿಸುಮಾತಿನ ಮೊಗಸಾಲೆಗೆ ಹೋದಾಗ ಕೂಗಬೇಡಿ. ಕೂಗಿದರೆ ಗದ್ದಲವಷ್ಟೇ. ಮನೆಯವರಲ್ಲಿ ಒಬ್ಬರು ಗೋಡೆಗೆ ಮುಖಮಾಡಿ ಮೆಲ್ಲಗೆ ಮಾತಾಡಲಿ, ಇನ್ನೊಬ್ಬರು ನೇರ ಎದುರಿನ ಬದಿಯಲ್ಲಿ ಗೋಡೆಗೆ ಕಿವಿಗೊಟ್ಟು ನಿಲ್ಲಲಿ. ಕಾಗದ ಸರಿಸಿದ ಸದ್ದೂ ದಾಟಿ ಬರುತ್ತದೆ. ಇದು ಜನವಿಲ್ಲದಾಗ ಮಾತ್ರ ಸಾಧ್ಯ, ಹಾಗಾಗಿ ಎರಡನೆಯ ದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.

ಇಂಥ ಊರು ಏಕೆ ಬಾಡಿತು ಎಂದು ನೀವು ಕೇಳಿಲ್ಲ, ಆದರೆ ನೀರಿನ ಕಥೆ ಅದಿಲ್ಲದೆ ಮುಗಿಯದು. ಒಂದೂವರೆ ವರ್ಷದ ಹತ್ತಿರ ನಡೆದ ಮುತ್ತಿಗೆಯ ಬಳಿಕ, 1686ರ ಸೆಪ್ಟೆಂಬರಿನಲ್ಲಿ ಕೊನೆಯ ದೊರೆ ಸಿಕಂದರ್ ಔರಂಗಜೇಬನಿಗೆ ಶರಣಾದ. ದರಬಾರು ಹೋಯಿತು, ಅದರ ಹಿಂದೆಯೇ ಸೈನಿಕ, ಚಿತ್ರಕಾರ, ವ್ಯಾಪಾರಿ ಎಲ್ಲರೂ ಹೋದರು. ಸುರಂಗ ಮತ್ತು ಮಣ್ಣಿನ ಕೊಳವೆಗಳಿಗೆ ದಿನನಿತ್ಯ ಕೈಯಾಡಿಸುವವರು ಬೇಕು. ಹೂಳು ತೆಗೆಯುವ ಸಂಬಳ ನಿಂತರೆ ಕೆಲವೇ ಮಳೆಗಾಲದಲ್ಲಿ ದಾರಿ ಕಟ್ಟಿಕೊಳ್ಳುತ್ತದೆ. 1760ರಲ್ಲಿ ಮರಾಠರು, 1818ರಲ್ಲಿ ಬ್ರಿಟಿಷರ ಮೂಲಕ ಸಾತಾರಾದ ರಾಜ, 1848ರಲ್ಲಿ ನೇರವಾಗಿ ಬ್ರಿಟಿಷರು, ಹೀಗೆ ಕೈಯಿಂದ ಕೈಗೆ ಹೋದ ಊರನ್ನು ಯಾರೂ ತಮ್ಮದೆಂದು ನೋಡಿಕೊಳ್ಳಲಿಲ್ಲ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದ ಮೇಲೆ ಮತ್ತೆ ಜನ ತುಂಬಿಕೊಂಡರು, ಹಳೆಯ ಮಹಲುಗಳು ಕಚೇರಿಗಳಾದವು. ಇಂದು ನಲ್ಲಿಗೆ ಬರುವುದು ಕೃಷ್ಣೆಯ ನೀರು.

ಎರಡು ದಿನವನ್ನು ಹೀಗೆ ಹಂಚಿಕೊಳ್ಳಿ: ಮೊದಲ ದಿನ ಬೆಳಗ್ಗೆ ತೊರವೆ, ನವರಸಪುರ, ಬಿಸಿಲೇರುವ ಮೊದಲೇ ರೋಜಾ, ಮಧ್ಯಾಹ್ನ ವಿಶ್ರಾಂತಿ, ಸಂಜೆ ತಾಜ್‌ಬಾವಡಿ, ತೋಪು, ಉಪ್ಪಲಿ ಬುರುಜು. ಎರಡನೆಯ ದಿನ ಬೆಳಗ್ಗೆ ಮೊದಲು ಗೋಳಗುಮ್ಮಟದ ಮೊಗಸಾಲೆ, ಆಮೇಲೆ ಎದುರಿನ ನಗಾರಖಾನೆಯ ವಸ್ತುಸಂಗ್ರಹಾಲಯ, ಉಳಿದ ಹೊತ್ತು ಅರಕಿಲ್ಲೆ ಮತ್ತು ಜಾಮಿಯಾ ಮಸೀದಿ. ಹಾಗೆ ಮಾಡಿದರೆ ‘ಕೊನೆಗೆ’ ಎಂದು ನಾನು ಹೇಳಿದ್ದು ಪೂರ್ತಿ ಪಾಲಿಸಿದಂತಾಗದು, ಆದರೆ ತೊರವೆಯನ್ನು ಮೊದಲು ನೋಡಿದ್ದರೆ ಸಾಕು. ಸುರಂಗಬಾವಡಿಯನ್ನು ಮೇಲಿನಿಂದಲೇ ನೋಡಿ, ಸ್ಥಳ ಬಲ್ಲವರಿಲ್ಲದೆ ಒಳಗೆ ಇಳಿಯಬೇಡಿ. ಮಕ್ಕಳ ಕೈ ಬಿಡಬೇಡಿ, ಸುರಂಗದ ಬಾಯಿಗಳ ಸುತ್ತ ಎಲ್ಲ ಕಡೆ ಕಟ್ಟೆಯಿಲ್ಲ.